ಬಿಡೋಕೆ ಸೀಟು ಇದ್ದರೆ ತಾನೆ?

ಪ್ರಶ್ನೆ: ವಿಲ್ ಸ್ಮಿತ್ ಎಂಐಟಿಯ ಸ್ಕಾಲರ್‌ಶಿಪ್ ಬಿಟ್ಟು ರ‍್ಯಾಪರ್ ಆದನಂತೆ, ಆಮೇಲೆ ಆಸ್ಕರ್ ಗೆಲ್ಲುವಂಥ ನಟನೂ ಆದನಂತೆ. ಇದೆಲ್ಲ ಹೇಗಾಯಿತು? ಸ್ವಲ್ಪ ವಿವರವಾಗಿ ತಿಳಿಸಿ.

ಉತ್ತರ: ಈ ಪ್ರಶ್ನೆ ಬರದ ತಿಂಗಳಿಲ್ಲ. ಸಿಇಟಿ ರ‍್ಯಾಂಕು ಬರುವ ಹೊತ್ತಿಗಂತೂ ದುಪ್ಪಟ್ಟು ಬರುತ್ತದೆ. ಮಕ್ಕಳು ಬರೆಯುವಾಗ ‘ಎಂಐಟಿ ಬಿಟ್ಟಿದ್ದಕ್ಕೇ ಅಲ್ವಾ ಸರ್ ಅವನು ಸ್ಟಾರ್ ಆಗಿದ್ದು’ ಅನ್ನುತ್ತಾರೆ. ಅಪ್ಪಂದಿರು ಬರೆಯುವಾಗ ‘ಮೊದಲು ಸೀಟು ತಗೊಂಡ, ಆಮೇಲೆ ಬಿಟ್ಟ, ಅದನ್ನ ನಮ್ಮ ಹುಡುಗನಿಗೆ ತಿಳಿಯೋ ಹಾಗೆ ಹೇಳಿ’ ಅನ್ನುತ್ತಾರೆ. ಸುಳ್ಳು ಒಂದೇ, ಎರಡೂ ಕಡೆಯ ವಕೀಲರಿಗೆ ಅದೇ ಸಾಕ್ಷಿ. ಒಬ್ಬರು ಅದು ಮಣಿಪಾಲದ ಎಂಐಟಿಯಾ ಅಂತಲೂ ಕೇಳಿದ್ದರು. ಅಲ್ಲ, ಅಮೆರಿಕದ ಮ್ಯಾಸಚೂಸೆಟ್ಸ್‌ನದು.

ಇನ್ನೊಂದು ಸಲ ಹೇಳುತ್ತೇನೆ, ದಯವಿಟ್ಟು ಬರೆದಿಟ್ಟುಕೊಳ್ಳಿ. ವಿಲ್ ಸ್ಮಿತ್‌ಗೆ ಎಂಐಟಿಯಲ್ಲಿ ಸೀಟು ಸಿಕ್ಕಿರಲಿಲ್ಲ. ಸಿಗದ ಸೀಟನ್ನು ಬಿಡುವುದು ಹೇಗೆ?

ಇದನ್ನು ಹೇಳಿದ್ದು ಅವನ ವಿರೋಧಿಗಳಲ್ಲ, ಅವನೇ. ಸಂದರ್ಶನವೊಂದರಲ್ಲಿ ಕೇಳಿದಾಗ ಅವನು ಕೊಟ್ಟ ವಿವರಣೆಯ ಸಾರ ಇಷ್ಟು: ಅಮ್ಮ ಫಿಲಡೆಲ್ಫಿಯಾದ ಶಾಲಾ ಮಂಡಳಿಯಲ್ಲಿ ಕೆಲಸದಲ್ಲಿದ್ದಳು. ಅವಳ ಪರಿಚಯದವರೊಬ್ಬರು ಎಂಐಟಿಯ ಪ್ರವೇಶ ವಿಭಾಗದಲ್ಲಿದ್ದರು. ಕಾಲೇಜು ಪ್ರವೇಶಕ್ಕೆ ಬರೆಯುವ ಸ್ಯಾಟ್ ಪರೀಕ್ಷೆಯಲ್ಲಿ ತನ್ನ ಅಂಕ ಚೆನ್ನಾಗಿತ್ತು, ಕಾಲೇಜಿಗೂ ಕಪ್ಪು ವಿದ್ಯಾರ್ಥಿಗಳು ಬೇಕಾಗಿದ್ದರು, ಹಾಗಾಗಿ ಪ್ರಯತ್ನಪಟ್ಟಿದ್ದರೆ ಸಿಗುತ್ತಿತ್ತೇನೋ. ಆದರೆ ಕಾಲೇಜಿಗೆ ಹೋಗುವ ಇರಾದೆಯೇ ತನಗಿರಲಿಲ್ಲ. ‘ಸಿಗುತ್ತಿತ್ತೇನೋ’ ಅನ್ನುವುದಕ್ಕೂ ‘ಸಿಕ್ಕಿತ್ತು’ ಅನ್ನುವುದಕ್ಕೂ ಎಷ್ಟು ದೂರ ಅಂತ ಕೌನ್ಸೆಲಿಂಗ್ ಸಾಲಿನಲ್ಲಿ ನಿಂತವರಿಗೆ ನಾನು ಹೇಳಬೇಕಾಗಿಲ್ಲ.

ಇಷ್ಟು ಹೇಳಿದರೂ ‘ಆದರೂ ಸ್ಕಾಲರ್‌ಶಿಪ್ ಅಂತೂ ಬಂದಿತ್ತಲ್ಲ’ ಅನ್ನುವವರಿದ್ದಾರೆ. ಸ್ವಾಮಿ, ಎಂಐಟಿಯಲ್ಲಿ ಪದವಿ ಓದುವವರಿಗೆ ಅಂಕ ನೋಡಿ, ಪ್ರತಿಭೆ ನೋಡಿ ಕೊಡುವ ಸ್ಕಾಲರ್‌ಶಿಪ್ ಎಂಬುದೇ ಇಲ್ಲ. ಮನೆಯವರ ಆದಾಯ ನೋಡಿ, ಕಡಿಮೆ ಬಿದ್ದಷ್ಟು ನೆರವು ಕೊಡುತ್ತಾರೆ, ಅದೂ ಪ್ರವೇಶ ಸಿಕ್ಕ ಮೇಲೆ. ಅಲ್ಲಿ ನಮ್ಮ ಹಾಗೆ ಒಂದು ಪರೀಕ್ಷೆ ಬರೆದರೆ ರ‍್ಯಾಂಕಿನ ಪ್ರಕಾರ ಕಾಲೇಜು ತಾನಾಗಿ ಬಂದು ಬಾಗಿಲು ತಟ್ಟುವುದೂ ಇಲ್ಲ. ಒಂದೊಂದು ಕಾಲೇಜಿಗೂ ಬೇರೆ ಬೇರೆ ಅರ್ಜಿ ಹಾಕಬೇಕು. ಕಾಲೇಜೇ ಬೇಡ ಅಂದುಕೊಂಡವನಿಗೆ ಸ್ಕಾಲರ್‌ಶಿಪ್ಪಿನ ಪತ್ರ ಬರುವುದೆಲ್ಲಿಂದ?

ಈ ಕಥೆ ಯಾಕೆ ಸಾಯುವುದಿಲ್ಲ ಅಂತ ನಾನೂ ಯೋಚಿಸಿದ್ದೇನೆ. ರ‍್ಯಾಪ್ ಹಾಡುವವನು ಬುದ್ಧಿವಂತ ಅಂತ ಒಪ್ಪಿಕೊಳ್ಳುವುದಕ್ಕೆ ನಮಗೆ ದೊಡ್ಡ ಕಾಲೇಜಿನ ಮೊಹರು ಬೇಕು. ಹಾಡು ಬರೆಯುವುದು ಬುದ್ಧಿಯ ಕೆಲಸವೇ ಅಲ್ಲ ಅನ್ನುವ ಹಾಗೆ. ಹೊಗಳಿಕೆಯಂತೆ ಕಾಣುವ ಈ ಮಾತಿನ ಕೆಳಗೆ ಸಣ್ಣ ಅವಮಾನವೊಂದು ಕೂತಿದೆ. ಅದಕ್ಕೇ ನನಗೆ ಇಷ್ಟು ಸಿಟ್ಟು.

ಈಗ ನಿಜವಾಗಿ ನಡೆದದ್ದಕ್ಕೆ ಬರೋಣ. 1968ರಲ್ಲಿ ಹುಟ್ಟಿದ್ದು, ಬೆಳೆದದ್ದು ಪಶ್ಚಿಮ ಫಿಲಡೆಲ್ಫಿಯಾ. ಅಪ್ಪನದು ಫ್ರಿಜ್ ಮತ್ತು ಶೈತ್ಯಯಂತ್ರಗಳ ವ್ಯಾಪಾರ, ರಿಪೇರಿ. ಶಾಲೆಯಲ್ಲಿ ಮಾತಿನಲ್ಲೇ ಮರುಳು ಮಾಡಿ ಶಿಕ್ಷೆ ತಪ್ಪಿಸಿಕೊಳ್ಳುತ್ತಿದ್ದುದರಿಂದ ‘ಪ್ರಿನ್ಸ್’ ಎಂಬ ಅಡ್ಡಹೆಸರು ಬಿತ್ತು. ಅದರ ಹಿಂದೆ ‘ಫ್ರೆಶ್’ ಸೇರಿಸಿಕೊಂಡಿದ್ದು ಅವನೇ. ಅಂದರೆ ‘ದಿ ಫ್ರೆಶ್ ಪ್ರಿನ್ಸ್ ಆಫ್ ಬೆಲ್ ಏರ್’ ಎಂಬ ಅವನ ಟಿವಿ ಧಾರಾವಾಹಿಯಿಂದ ಆ ಹೆಸರು ಬಂತು ಅನ್ನುವುದೂ ತಲೆಕೆಳಗು. ಹೆಸರು ಮೊದಲು, ಧಾರಾವಾಹಿ ಆಮೇಲೆ. ಹನ್ನೆರಡರ ಆಸುಪಾಸಿನಲ್ಲೇ ರ‍್ಯಾಪ್ ಬರೆಯುವ ನೋಟ್‌ಬುಕ್ ಇಟ್ಟಿದ್ದ. ಅದರಲ್ಲಿದ್ದ ಬೈಗುಳಗಳನ್ನು ಅಜ್ಜಿ ನೋಡಿದಳು. ಗದರಲಿಲ್ಲ. ನಿಜವಾದ ಬುದ್ಧಿವಂತರಿಗೆ ಇಂಥ ಮಾತು ಬೇಕಾಗುವುದಿಲ್ಲ ಎಂದು ಅದೇ ಪುಸ್ತಕದಲ್ಲಿ ಬರೆದಿಟ್ಟಳು. ಅವನ ಹಾಡುಗಳಲ್ಲಿ ಬೈಗುಳ ಯಾಕಿಲ್ಲ ಅನ್ನುವುದಕ್ಕೆ ಅವನು ಕೊಡುವ ಕಾರಣ ಅದು. ಅವನಿಗೆ ಸಿಕ್ಕ ಒಂದೇ ಒಂದು ‘ಪ್ರವೇಶ ಪತ್ರ’ ಇದ್ದರೆ ಅದು ಅಜ್ಜಿಯದು.

1985ರಲ್ಲಿ ಮನೆಯೊಂದರ ಪಾರ್ಟಿಯಲ್ಲಿ ಡಿಜೆ ಜೆಫ್ ಟೌನ್ಸ್ ಭೇಟಿಯಾಯಿತು. ಜೆಫ್‌ನ ಜೊತೆಗಾರ ಅವತ್ತು ಬಂದಿರಲಿಲ್ಲ, ಇವನು ಮೈಕು ಹಿಡಿದ. 1986ರಲ್ಲಿ, ಹೈಸ್ಕೂಲು ಇನ್ನೂ ಮುಗಿಯದಿರುವಾಗಲೇ ಮೊದಲ ಹಾಡು ಬಂತು. 1988ರ ಆಲ್ಬಂ ಲಕ್ಷಗಟ್ಟಲೆ ಮಾರಾಟವಾಯಿತು. 1989ರಲ್ಲಿ ಅಮೆರಿಕದ ಸಂಗೀತ ಪ್ರಶಸ್ತಿಯಾದ ಗ್ರ್ಯಾಮಿಯವರು ಮೊಟ್ಟಮೊದಲ ಬಾರಿಗೆ ರ‍್ಯಾಪ್‌ಗೆಂದೇ ಪ್ರಶಸ್ತಿ ಇಟ್ಟಾಗ ಅದು ಬಂದದ್ದು ಇವರಿಬ್ಬರಿಗೆ. ಆ ಪ್ರಶಸ್ತಿ ಕೊಡುವುದನ್ನು ಟಿವಿಯಲ್ಲಿ ತೋರಿಸುವುದಿಲ್ಲ ಎಂದಾಗ ಇಬ್ಬರೂ ಸಮಾರಂಭಕ್ಕೇ ಹೋಗಲಿಲ್ಲ.

ಗೆದ್ದ ಹಾಡು ಯಾವುದರ ಬಗ್ಗೆ ಗೊತ್ತೆ? ಶಾಲೆ ಶುರುವಾಗುವ ಮುಂಚೆ ಅಮ್ಮ ಬಟ್ಟೆ ಅಂಗಡಿಗೆ ಕರೆದುಕೊಂಡು ಹೋಗಿ, ಮಗ ಎಷ್ಟು ಬೇಡಿಕೊಂಡರೂ ಹಳೇ ಕಾಲದ ಅಂಗಿ ಪ್ಯಾಂಟು ಕೊಡಿಸುವುದು. ಹಾಡಿನೊಳಗೆ ಅಮ್ಮನ ದನಿ, ಮಗನ ದನಿ, ನಗುವ ಹುಡುಗರು, ಎಲ್ಲ ಅವನೇ. ನಟ ಹೇಗಾದ ಎಂಬ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ನಮ್ಮ ಹರಿಕಥೆ ದಾಸರು ಒಬ್ಬರೇ ನಿಂತು ಸೀತೆಯೂ ಆಗಿ ರಾವಣನೂ ಆಗುತ್ತಾರಲ್ಲ, ಆ ಜಾತಿಯ ಕಸುಬು.

ಉಳಿದರ್ಧ ಉತ್ತರ ಸಾಲ. ಕೈಗೆ ಬಂದ ದುಡ್ಡನ್ನು ಕಾರು, ಮನೆ, ಒಡವೆ ಅಂತ ಖರ್ಚು ಮಾಡಿದ. ತೆರಿಗೆ ಕಟ್ಟುವುದನ್ನು ಮರೆತ. ಅಮೆರಿಕದ ತೆರಿಗೆ ಇಲಾಖೆ ಸುಮಾರು 28 ಲಕ್ಷ ಡಾಲರ್ ಬಾಕಿ ಎಂದು ಕುತ್ತಿಗೆಗೆ ಬಂತು. ಮುಂದಿನ ಆಲ್ಬಂ ಅಷ್ಟಾಗಿ ಓಡಲಿಲ್ಲ. ಬೇರೆ ಕೆಲಸವಿಲ್ಲದೆ, ಗೆಳತಿಯ ಒತ್ತಾಯಕ್ಕೆ ಲಾಸ್ ಏಂಜಲಿಸ್‌ನ ಟಿವಿ ಸ್ಟುಡಿಯೊ ಒಂದರಲ್ಲಿ ಸುಳಿದಾಡುತ್ತಿದ್ದಾಗ ಬೆನ್ನಿ ಮೆಡಿನಾ ಎಂಬ ನಿರ್ಮಾಪಕನ ಪರಿಚಯವಾಯಿತು. ಅಲ್ಲಿಂದ ಸಂಗೀತ ನಿರ್ಮಾಪಕ ಕ್ವಿನ್ಸಿ ಜೋನ್ಸ್ ಮನೆಗೆ. ಹುಟ್ಟುಹಬ್ಬದ ಪಾರ್ಟಿ ನಡೆಯುತ್ತಿದ್ದ ಆ ಮನೆಯ ಹಜಾರದಲ್ಲೇ ಕುರ್ಚಿ ಸರಿಸಿ ಅಭಿನಯ ಮಾಡಿಸಿದರು ಎಂದು ಸ್ಮಿತ್ ಹೇಳಿಕೊಂಡಿದ್ದಾನೆ. ತಯಾರಿಗೆ ವಾರಗಟ್ಟಲೆ ಬೇಕು ಅಂದವನಿಗೆ ಹತ್ತು ನಿಮಿಷ ಸಿಕ್ಕಿತಂತೆ. 1990ರ ಸೆಪ್ಟೆಂಬರ್‌ನಲ್ಲಿ ಧಾರಾವಾಹಿ ಶುರುವಾಯಿತು, 1996ರ ತನಕ ಆರು ಸೀಸನ್ ನಡೆಯಿತು. ಬಡ ಹುಡುಗ ಶ್ರೀಮಂತರ ಮನೆ ಸೇರುವ ಆ ಕಥೆಯ ಮೂಲವೂ ಸ್ಮಿತ್‌ನ ಬದುಕಲ್ಲ, ಮೆಡಿನಾನದು.

ಹುಟ್ಟು ಕಲಾವಿದ ಅನ್ನುವವರು ಮೊದಲ ಸೀಸನ್ನಿನ ಕಂತುಗಳನ್ನು ನೋಡಬೇಕು. ಮಾತು ಮರೆತುಬಿಟ್ಟೇನೆಂಬ ಭಯಕ್ಕೆ ಎಲ್ಲರ ಸಂಭಾಷಣೆಯನ್ನೂ ಬಾಯಿಪಾಠ ಮಾಡಿದ್ದ. ಎದುರಿನವರು ಮಾತಾಡುವಾಗ ಇವನ ತುಟಿಯೂ ಜೊತೆಗೇ ಅಲ್ಲಾಡುತ್ತದೆ! ಶಾಲಾ ವಾರ್ಷಿಕೋತ್ಸವದಲ್ಲಿ ನಾಟಕ ಮಾಡಿಸಿದ ಮೇಷ್ಟ್ರುಗಳಿಗೆ ಇದು ಚೆನ್ನಾಗಿ ಗೊತ್ತಿರುವ ದೃಶ್ಯ. ಅಲ್ಲಿಂದ 2001ರಲ್ಲಿ ಮುಹಮ್ಮದ್ ಅಲಿಯಾಗಿ ತೆರೆಯ ಮೇಲೆ ನಿಂತು ಮೊದಲ ಆಸ್ಕರ್ ನಾಮನಿರ್ದೇಶನ ಪಡೆಯುವವರೆಗೆ ಹನ್ನೊಂದು ವರ್ಷ. ನಡುವೆ 1993ರಲ್ಲಿ ಒಂದು ಗಂಭೀರ ಸಿನಿಮಾದಲ್ಲಿ ವಂಚಕನ ಪಾತ್ರ ಸಿಕ್ಕಿತ್ತು. ಅದರಲ್ಲಿ ಇನ್ನೊಬ್ಬ ಗಂಡಸಿಗೆ ಮುತ್ತಿಡುವ ದೃಶ್ಯ ಬಂದಾಗ ಹಿಂಜರಿದು, ಕ್ಯಾಮೆರಾಕ್ಕೆ ಕಾಣದಂತೆ ಮಾಡಿಸಿದ. ಅದು ತನ್ನ ಅಪಕ್ವತೆ ಎಂದು ಆಮೇಲೆ ಬಹಿರಂಗವಾಗಿಯೇ ಒಪ್ಪಿಕೊಂಡ. ಆ ಒಪ್ಪಿಗೆ ನನಗೆ ಅವನ ಯಾವ ಹಿಟ್ ಚಿತ್ರಕ್ಕಿಂತಲೂ ಹೆಚ್ಚು ಇಷ್ಟ. ಏಲಿಯನ್ನು, ಪೊಲೀಸು, ಬಂದೂಕುಗಳ ಚಿತ್ರಗಳನ್ನೆಲ್ಲ ನೀವೇ ನೋಡಿದ್ದೀರಿ, ಬಿಡಿ. 2006ರಲ್ಲಿ ಮಗ ಜೇಡನ್ ಜೊತೆ ನಟಿಸಿದ ಚಿತ್ರಕ್ಕೆ ಎರಡನೇ ನಾಮನಿರ್ದೇಶನ. 2022ರ ಮಾರ್ಚ್‌ನಲ್ಲಿ, ಟೆನಿಸ್ ಸೋದರಿಯರಾದ ವೀನಸ್ ಮತ್ತು ಸೆರೆನಾ ಅವರ ಅಪ್ಪನ ಪಾತ್ರಕ್ಕೆ ಪ್ರಶಸ್ತಿಯೇ ಬಂತು. ಅದೇ ರಾತ್ರಿ ವೇದಿಕೆಯಲ್ಲಿ ಹಾಸ್ಯನಟ ಕ್ರಿಸ್ ರಾಕ್‌ಗೆ ಕೊಟ್ಟ ಏಟಿನ ಬಗ್ಗೆ ಬೇರೆ ಹೇಳಬೇಕೆ? ಹತ್ತು ವರ್ಷ ಆಸ್ಕರ್ ಕೊಡುವ ಅಕಾಡೆಮಿಯ ಸಮಾರಂಭಗಳಿಗೆ ಬರುವಂತಿಲ್ಲ ಅಂದರು, ಆಸ್ಕರ್ ಮಾತ್ರ ಅವನ ಮನೆಯಲ್ಲೇ ಇದೆ. ವಾಪಸು ಕಿತ್ತುಕೊಂಡರು ಅಂತ ಮುಂದಿನ ವಾರ ಬರೆಯಲು ಹೊರಟವರು ಕೈ ತಡೆಯಿರಿ.

ಹಾಗಾದರೆ ರ‍್ಯಾಪ್‌ನಿಂದ ಬಂದು ನಟನೆಗೆ ಆಸ್ಕರ್ ಗೆದ್ದ ಮೊದಲಿಗ ಇವನೇನಾ? ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ: ಅಲ್ಲ. ಮಹರ್ಶಲಾ ಅಲಿ ಅದಕ್ಕೆ ಮುಂಚೆಯೇ ಪೋಷಕ ನಟನೆಗೆ ಎರಡು ಆಸ್ಕರ್ ಗೆದ್ದಾಗಿತ್ತು, 2017ರಲ್ಲೊಂದು, 2019ರಲ್ಲೊಂದು. ಅವನೂ ರ‍್ಯಾಪ್ ಆಲ್ಬಂ ಮಾಡಿದವನೇ. ತಮಾಷೆಯೆಂದರೆ ರ‍್ಯಾಪ್‌ಗೆ ಇಟ್ಟುಕೊಂಡಿದ್ದ ಹೆಸರೂ ಪ್ರಿನ್ಸ್ ಅಲಿ. ಬಾಸ್ಕೆಟ್‌ಬಾಲ್ ಆಡುತ್ತಿದ್ದ ಕಾರಣಕ್ಕೆ ಅವನಿಗೆ ಕ್ಯಾಲಿಫೋರ್ನಿಯಾದ ಕಾಲೇಜೊಂದರ ನಿಜವಾದ ಸ್ಕಾಲರ್‌ಶಿಪ್ ಸಿಕ್ಕಿತು. ಅದನ್ನು ಬಿಡದೆ ಓದಿ 1996ರಲ್ಲಿ ಪದವಿ ಮುಗಿಸಿದ, ನ್ಯೂಯಾರ್ಕ್ ವಿಶ್ವವಿದ್ಯಾಲಯಕ್ಕೆ ಹೋಗಿ ಅಭಿನಯದಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದ. ಇಷ್ಟು ವರ್ಷದಲ್ಲಿ ಅವನ ಬಗ್ಗೆ ನನಗೆ ಒಂದು ಪ್ರಶ್ನೆಯೂ ಬಂದಿಲ್ಲ. ಸೀಟು ಬಿಡಲಿಲ್ಲವಲ್ಲ, ಅದಕ್ಕಿರಬೇಕು.