ಗದ್ದೆ ಕಪ್ಪೆ ಯಾಕಾಗಲ್ಲ?

"ಸಾರ್, ನಮ್ ಗದ್ದೇಲೇ ಬೇಕಾದಷ್ಟು ಕಪ್ಪೆ ಅವೆ. ಅವನ್ನೇ ತರಬಾರ್ದಾ?" ಮೈಸೂರಿನ ನಮ್ಮ ಲ್ಯಾಬಿಗೆ ಬರುವ ಮಂಡ್ಯ ಕಡೆಯ ಹುಡುಗರು ಹೀಗೆ ಕೇಳುತ್ತಾರೆ.

ರೋಗನಿರೋಧಕ ಶಕ್ತಿಯ ಸಂಶೋಧನೆಗೆ ಕಪ್ಪೆ ಬಳಸುವುದು ನಿಜ. ಆದರೆ ಅದು ಆಫ್ರಿಕಾದ ಕ್ಸೆನೋಪಸ್ ಲೇವಿಸ್ ಎಂಬ ಜಾತಿಯ ಕಪ್ಪೆ. ಹೆಚ್ಚುಕಡಿಮೆ ಜೀವನಪೂರ್ತಿ ನೀರಲ್ಲೇ ಇರುತ್ತದೆ. ಗದ್ದೆಯಲ್ಲಿ ಹಿಡಿದ ಕಪ್ಪೆಯ ವಯಸ್ಸೆಷ್ಟು, ಅದಕ್ಕೆ ಯಾವ್ಯಾವ ಸೋಂಕು ಬಂದು ಹೋಗಿದೆ, ಯಾರಿಗೆ ಗೊತ್ತು? ಕ್ಸೆನೋಪಸ್‌ನಲ್ಲಾದರೆ ಎಲ್ಲ ಕಪ್ಪೆಗಳಲ್ಲೂ ಒಂದೇ ಥರದ ವಂಶವಾಹಿಗಳಿರುವ ತಳಿಗಳೇ ಇವೆ. ಅಂಥ ತಳಿಯಲ್ಲಿ ಒಂದರ ಚರ್ಮ ಇನ್ನೊಂದಕ್ಕೆ ಕಸಿ ಮಾಡಿದರೆ ದೇಹ ತಕರಾರು ಮಾಡುವುದಿಲ್ಲ. 2016ರಲ್ಲಿ ಕ್ಸೆನೋಪಸ್‌ನ ಜೀನೋಮ್, ಅಂದರೆ ಅದರ ಪೂರ್ತಿ ವಂಶವಾಹಿ ಮಾಹಿತಿ ಕೂಡ ಪ್ರಕಟವಾಯಿತು.

ನನಗೆ ಕಪ್ಪೆಗಿಂತ ಗೊದಮೊಟ್ಟೆಯೇ ಇಷ್ಟ. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಲ್ಲಿ ಒಂದು ಬಗೆ ಟಿ ಕೋಶ. ಅವು ಪಳಗುವ ಜಾಗ ಥೈಮಸ್ ಎಂಬ ಅಂಗ. ಇಲಿಯಲ್ಲಿ ಅದು ರೂಪುಗೊಳ್ಳುವುದು ತಾಯಿಯ ಹೊಟ್ಟೆಯೊಳಗೆ. ಗೊದಮೊಟ್ಟೆಯದ್ದು ನೀರಲ್ಲಿ, ಪಾರದರ್ಶಕ ಮೈಯೊಳಗೆ, ನಮ್ಮ ಕಣ್ಣೆದುರೇ. ಎಳೆಯದಿದ್ದಾಗಲೇ ಥೈಮಸ್ ತೆಗೆದುಬಿಟ್ಟರೂ ಅದು ಬದುಕಿ ಬೆಳೆಯುತ್ತದೆ. ಟಿ ಕೋಶಗಳ ನೆರವಿಲ್ಲದ ದೇಹ ಏನೇನು ಮಾಡಬಲ್ಲದು ಅಂತ ಆಗ ನೋಡಬಹುದು.

ನಿಜವಾದ ಮಜಾ ಇರುವುದು ಬಾಲ ಕರಗುವ ಹೊತ್ತಿನಲ್ಲಿ. ದೊಡ್ಡ ಕಪ್ಪೆಯ ಹೊಸ ಪ್ರೋಟೀನ್‌ಗಳು ಮೈಯಲ್ಲಿ ಕಾಣಿಸಿಕೊಳ್ಳುತ್ತವೆ. ಗೊದಮೊಟ್ಟೆಯ ರಕ್ಷಣಾ ಕೋಶಗಳಿಗೆ ಇವು ಅಪರಿಚಿತ. ತನ್ನ ಮೈ ಮೇಲೆ ತಾನೇ ದಾಳಿ ಮಾಡಬೇಕಿತ್ತು, ಅಲ್ವಾ? ಮಾಡುವುದಿಲ್ಲ. ಥೈಮಸ್ ತನ್ನ ಕೋಶಗಳಲ್ಲಿ ಸುಮಾರು ಶೇ. 90ರಷ್ಟನ್ನು ಕಳೆದುಕೊಂಡು, ಹೊಸದಾಗಿ ತುಂಬಿಕೊಳ್ಳುತ್ತದೆ. ಆ ಸಮಯದಲ್ಲಿ, ಸಣ್ಣಪುಟ್ಟ ವ್ಯತ್ಯಾಸವಿರುವ ಬೇರೆ ಕಪ್ಪೆಯ ಚರ್ಮವನ್ನೂ ದೇಹ ಒಪ್ಪಿಕೊಳ್ಳುವುದುಂಟು. ದೇಹ ತನ್ನದನ್ನು ತನ್ನದೆಂದು ಹೇಗೆ ಕಲಿಯುತ್ತದೆ ಅಂತ ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಪ್ರಾಣಿಯನ್ನು ನಾನಂತೂ ಕಂಡಿಲ್ಲ.

ಹಾಗಂತ ಎಲ್ಲದಕ್ಕೂ ಕಪ್ಪೆ ಆಗದು. ರಕ್ಷಣಾ ಕೋಶಗಳು ಸೇರುವ, ನಮಗಿರುವಂಥ ದುಗ್ಧರಸ ಗ್ರಂಥಿಗಳು (ಲಿಂಫ್ ನೋಡ್) ಅದಕ್ಕಿಲ್ಲ. ರೋಗಾಣುಗಳಿಗೆ ಅಂಟಿಕೊಳ್ಳುವ ಅದರ ಪ್ರೋಟೀನ್‌ಗಳ, ಅಂದರೆ ಪ್ರತಿಕಾಯಗಳ ಹಿಡಿತ ದಿನ ಕಳೆದಂತೆ ನಮ್ಮಲ್ಲಿಯಷ್ಟು ಬಿಗಿಯಾಗುವುದಿಲ್ಲ. ಮನುಷ್ಯರ ಲಸಿಕೆಯ ಬಗ್ಗೆ ಕಪ್ಪೆ ನೋಡಿ ತೀರ್ಮಾನಕ್ಕೆ ಬರುವವರನ್ನು ನಾನು ನಂಬುವುದಿಲ್ಲ.

ಇನ್ನು ಕಪ್ಪೆ ಸಾಕುವ ತೊಟ್ಟಿಯ ವಿಷಯ. ನಲ್ಲಿ ನೀರಿನ ಕ್ಲೋರಿನ್ ತೆಗೆಯಲೇಬೇಕು, ಕಪ್ಪೆಯ ಚರ್ಮ ಅದನ್ನು ತಾಳಿಕೊಳ್ಳಲ್ಲ. ನೀರು 18ರಿಂದ 22 ಡಿಗ್ರಿ ಇರಬೇಕು. ಮೈಸೂರಿನ ಏಪ್ರಿಲ್‌ನಲ್ಲಿ ಅದು ಸುಮ್ನೆ ಆಗುವ ಕೆಲಸವಲ್ಲ, ಕರೆಂಟ್ ಬಿಲ್ ಜಾಸ್ತಿಯೇ ಬರುತ್ತದೆ. ನೀರು ತಣ್ಣಗಾದಷ್ಟೂ ಕಪ್ಪೆಯ ರೋಗನಿರೋಧಕ ಪ್ರತಿಕ್ರಿಯೆ ನಿಧಾನ. ಹಾಗಾಗಿ ನೀರಿನ ತಾಪಮಾನ ಬರೆಯದ ಸಂಶೋಧನಾ ಪ್ರಬಂಧ ಕೈಗೆ ಸಿಕ್ಕರೆ, ಫಲಿತಾಂಶದ ಪುಟಕ್ಕೆ ಹೋಗುವ ಮುಂಚೆಯೇ ಪಕ್ಕಕ್ಕಿಡುತ್ತೇನೆ.