ಕರೆಂಟ್ ಬಂದ ಮೇಲೂ ಮಲಗಿಯೇ ಇರುವ ಕಂಪ್ಯೂಟರ್

ಕರೆಂಟ್ ವಾಪಸ್ ಬಂದ ಕೂಡಲೇ ಫ್ಯಾನ್ ತಾನಾಗೇ ತಿರುಗುತ್ತದೆ, ಫ್ರಿಜ್ ಗುಂಯ್ ಎನ್ನುತ್ತದೆ. ಕಂಪ್ಯೂಟರ್ ಮಾತ್ರ ಯಾರಾದರೂ ಬಂದು ಬಟನ್ ಒತ್ತಲಿ ಅಂತ ಸುಮ್ನೆ ಕೂತಿರುತ್ತದೆ. ಎದುರಿಗೆ ಕೂತು ಕೆಲಸ ಮಾಡುವವರಿಗೆ ಇದೇನೂ ದೊಡ್ಡ ವಿಷಯವಲ್ಲ. ಆದರೆ ಅಂಗಡಿಯ ಸಿಸಿಟಿವಿ ದೃಶ್ಯಗಳನ್ನು ಉಳಿಸುವ ಕಂಪ್ಯೂಟರ್? ಮಳೆಗಾಲದಲ್ಲಿ ಕರೆಂಟ್ ಹೋಗುತ್ತಾ ಬರುತ್ತಾ ಇರುವ ಮಲೆನಾಡಿನ ಮನೆಯಲ್ಲಿದ್ದು, ಬೆಂಗಳೂರಿನಿಂದಲೇ ಬಳಸಬೇಕಾದ ಕಂಪ್ಯೂಟರ್? ಅಲ್ಲಿ ಬಟನ್ ಒತ್ತಲು ಯಾರೂ ಇರುವುದಿಲ್ಲ.

ಹಳೇ ಪಿಸಿಗಳಿಗೆ ಈ ತೊಂದರೆ ಇರಲಿಲ್ಲ. ಅವುಗಳ ಸ್ವಿಚ್ ನಿಜವಾದ ಸ್ವಿಚ್. ಟಕ್ ಎಂದು ಒಳಗೆ ಕೂತು, ಗೋಡೆಯಿಂದ ಬರುವ 230 ವೋಲ್ಟನ್ನೇ ಜೋಡಿಸುತ್ತಿತ್ತು. ಕರೆಂಟ್ ಹೋದರೂ ಸ್ವಿಚ್ ಹಾಗೇ ಇರುತ್ತಿದ್ದರಿಂದ, ಕರೆಂಟ್ ಬಂದಾಗ ಪಿಸಿಯೂ ಎದ್ದುಬಿಡುತ್ತಿತ್ತು. 1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಹೊಸ ವಿನ್ಯಾಸ ತಂದಿತು. ಅಲ್ಲಿಂದ ಮುಂದೆ ಬಟನ್ ಮಾಡುವುದು, ಒಳಗಿನ ಭಾಗಗಳನ್ನೆಲ್ಲ ಜೋಡಿಸುವ ಮುಖ್ಯ ಫಲಕವಾದ ಮದರ್‌ಬೋರ್ಡಿಗೆ ಸೂಚನೆ ಕೊಡುವ ಕೆಲಸ ಮಾತ್ರ. ಆ ಸೂಚನೆ ಕೇಳಿಸಿಕೊಳ್ಳಲು ಒಳಗೆ ಏನಾದರೂ ಎಚ್ಚರವಾಗಿರಬೇಕು, ಅಲ್ವಾ? ಅದಕ್ಕೇ ಪವರ್ ಸಪ್ಲೈ ನೇರಳೆ ಬಣ್ಣದ ತಂತಿಯಲ್ಲಿ 5 ವೋಲ್ಟ್ ಯಾವಾಗಲೂ ಕಳಿಸುತ್ತಿರುತ್ತದೆ. ಬಟನ್ ಒತ್ತಿದಾಗ ಮದರ್‌ಬೋರ್ಡ್ ಹಸಿರು ತಂತಿಯನ್ನು ಗ್ರೌಂಡಿಗೆ ಸೇರಿಸುತ್ತದೆ. ಆಮೇಲೆಯೇ ಉಳಿದ ತಂತಿಗಳಿಗೆ ಜೀವ ಬರುವುದು. ಅಂದರೆ ಶಟ್‌ಡೌನ್ ಮಾಡಿದ ಕಂಪ್ಯೂಟರ್ ಪೂರ್ತಿ ಆಫ್ ಆಗಿರುವುದಿಲ್ಲ. ಪ್ಲಗ್ ಕಿತ್ತಾಗ ಅಥವಾ ಕರೆಂಟ್ ಹೋದಾಗ ಮಾತ್ರ ಪೂರ್ತಿ ಆಫ್.

ಈ ಎರಡು ಸ್ಥಿತಿಗಳ ವ್ಯತ್ಯಾಸ ನೆನಪಿಡಿ. ಮುಂದಿನ ತಾಪತ್ರಯವೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

ಕರೆಂಟ್ ಬಂತು ಅಂದುಕೊಳ್ಳಿ. ನೇರಳೆ ತಂತಿಯಲ್ಲಿ 5 ವೋಲ್ಟ್ ಬಂದಿದೆ. ಪ್ರೊಸೆಸರ್ ಇನ್ನೂ ಎದ್ದಿಲ್ಲ, ವಿಂಡೋಸ್, ಲಿನಕ್ಸ್ ಯಾವುದೂ ಇಲ್ಲ. ಏಳಬೇಕೋ ಮಲಗಿರಬೇಕೋ ಎಂದು ಯಾರು ತೀರ್ಮಾನಿಸುವುದು? ಮದರ್‌ಬೋರ್ಡಿನ ಚಿಪ್‌ಸೆಟ್. ಅದು ನೋಡುವುದು ಒಂದೇ ಒಂದು ಬಿಟ್ ಅನ್ನು, ಅಂದರೆ 0 ಅಥವಾ 1 ಮಾತ್ರ ಹಿಡಿಯುವ ನೆನಪಿನ ಪುಟ್ಟ ಜಾಗವನ್ನು. ಇಂಟೆಲ್ ಚಿಪ್‌ಸೆಟ್‌ಗಳಲ್ಲಿ ಆ ಬಿಟ್ 0 ಇದ್ದರೆ ಏಳು, 1 ಇದ್ದರೆ ಮಲಗಿರು. ಕರೆಂಟ್ ಪೂರ್ತಿ ಹೋದಾಗಲೂ ಈ ಬಿಟ್ ಅಳಿಸಿಹೋಗದಂತೆ ಕಾಯುವುದು ನಾಣ್ಯದಂಥ ಆ 3 ವೋಲ್ಟಿನ ಸಿಆರ್ 2032 ಸೆಲ್. ಕಂಪ್ಯೂಟರಿನ ಗಡಿಯಾರ ನಡೆಸುವುದೂ ಅದೇ.

ಬಯೋಸ್ (ಕಂಪ್ಯೂಟರ್ ಎದ್ದ ಕೂಡಲೇ ಮೊದಲು ಓಡುವ ತಂತ್ರಾಂಶ) ಸೆಟಪ್ ಒಳಗೆ ಹೋದರೆ 'ರಿಸ್ಟೋರ್ ಆನ್ ಎಸಿ ಪವರ್ ಲಾಸ್' ಅಂತಲೋ, 'ಎಸಿ ಬ್ಯಾಕ್' ಅಂತಲೋ, 'ಆಫ್ಟರ್ ಪವರ್ ಫೇಲ್ಯೂರ್' ಅಂತಲೋ ಒಂದು ಸಾಲು ಸಿಗುತ್ತದೆ. ಕಂಪನಿಗೊಂದು ಹೆಸರು. ಸಾಮಾನ್ಯವಾಗಿ ಮೂರು ಆಯ್ಕೆ: ಪವರ್ ಆಫ್, ಪವರ್ ಆನ್, ಲಾಸ್ಟ್ ಸ್ಟೇಟ್. ಕೊನೆಯದರ ಅರ್ಥ, ಮೊದಲು ಹೇಗಿತ್ತೋ ಹಾಗೆ.

ಬಿಟ್ ಒಂದೇ, ಆಯ್ಕೆ ಮೂರು. ಹೇಗೆ ಸಾಧ್ಯ? ನನಗೆ ತುಂಬಾ ಇಷ್ಟವಾದ ಚಾಲಾಕಿತನ ಇದು. ಲಾಸ್ಟ್ ಸ್ಟೇಟ್ ಆರಿಸಿದ್ದರೆ, ಕಂಪ್ಯೂಟರ್ ಓಡುತ್ತಿರುವಾಗ ಬಿಟ್ 0 ಇರುತ್ತದೆ. ಕ್ರಮವಾಗಿ ಶಟ್‌ಡೌನ್ ಮಾಡಿದರೆ, ಮಲಗುವ ಮೊದಲಿನ ಕೊನೇ ಕೆಲಸವಾಗಿ, ಬಯೋಸ್‌ನಂತೆ ಮದರ್‌ಬೋರ್ಡಿನಲ್ಲೇ ಕೂತಿರುವ ತಂತ್ರಾಂಶವಾದ ಫರ್ಮ್‌ವೇರ್ ಅಲ್ಲಿ 1 ಬರೆದು ಹೋಗುತ್ತದೆ. ದಿಢೀರನೆ ಕರೆಂಟ್ ಹೋದರೆ ಬರೆಯಲು ಸಮಯವೇ ಇಲ್ಲ, 0 ಹಾಗೇ ಉಳಿಯುತ್ತದೆ. ಮೂರನೇ ಆಯ್ಕೆ ಹಾರ್ಡ್‌ವೇರಿನಲ್ಲಿ ಇಲ್ಲವೇ ಇಲ್ಲ, ಅದು ಸಾಫ್ಟ್‌ವೇರಿನ ನಟನೆ. ಕೋರ್‌ಬೂಟ್ ಎಂಬ ಮುಕ್ತ ಫರ್ಮ್‌ವೇರಿನ ಕೋಡ್ ನೋಡಿದವರಿಗೆ ಇದು ಸ್ಪಷ್ಟವಾಗಿ ಕಾಣುತ್ತದೆ.

ಹಾಗಾದರೆ ಸೆಟಪ್‌ನಲ್ಲಿ ಒಂದು ಸಾಲು ಬದಲಿಸಿದರೆ ಮುಗಿಯಿತಲ್ಲ? ಯುಪಿಎಸ್ ಇಲ್ಲದ ಮನೆಯಲ್ಲಿ, ಹೌದು. ಯುಪಿಎಸ್ ಇದ್ದರೆ ಕಥೆಯೇ ಬೇರೆ.

ಒಳ್ಳೇ ಯುಪಿಎಸ್ ಯುಎಸ್‌ಬಿ ತಂತಿಯ ಮೂಲಕ ಕಂಪ್ಯೂಟರ್ ಜೊತೆ ಮಾತಾಡುತ್ತದೆ. ಬ್ಯಾಟರಿ ಖಾಲಿಯಾಗುವ ಹೊತ್ತಿಗೆ ಎಚ್ಚರಿಸುತ್ತದೆ, ಕಂಪ್ಯೂಟರ್ ಫೈಲುಗಳನ್ನೆಲ್ಲ ಉಳಿಸಿ ಅಚ್ಚುಕಟ್ಟಾಗಿ ಶಟ್‌ಡೌನ್ ಆಗುತ್ತದೆ. ನೀವು ಲಾಸ್ಟ್ ಸ್ಟೇಟ್ ಆರಿಸಿದ್ದರೆ ಇಲ್ಲೇ ಕೆಟ್ಟಿತು. ಕ್ರಮವಾಗಿ ಮಲಗಿದ್ದರಿಂದ ಬಿಟ್ 1 ಆಗಿದೆ, ಇನ್ನು ಅದು ಏಳುವುದಿಲ್ಲ. ಆದ್ದರಿಂದ ಪವರ್ ಆನ್ ಅನ್ನೇ ಆರಿಸಬೇಕು. ಅಷ್ಟಾದರೂ ಸಾಲದು. ಕಂಪ್ಯೂಟರ್ ಶಟ್‌ಡೌನ್ ಆದ ಮರುಕ್ಷಣವೇ ಕರೆಂಟ್ ಬಂತು ಅನ್ನಿ. ಯುಪಿಎಸ್ ಬ್ಯಾಟರಿ ಪೂರ್ತಿ ಮುಗಿದಿರಲಿಲ್ಲ, ನೇರಳೆ ತಂತಿಯ 5 ವೋಲ್ಟ್ ಒಂದು ಕ್ಷಣವೂ ನಿಂತಿರಲಿಲ್ಲ. ಚಿಪ್‌ಸೆಟ್ಟಿನ ಲೆಕ್ಕದಲ್ಲಿ ಕರೆಂಟ್ ಹೋಗಿಯೇ ಇಲ್ಲ! ಹೋಗದೇ ಇದ್ದ ಕರೆಂಟ್ ವಾಪಸ್ ಬರುವುದು ಹೇಗೆ? ದಬಕ್ಕನೆ ಬಿದ್ದ ಕಂಪ್ಯೂಟರ್ ತಾನಾಗಿ ಏಳುತ್ತದೆ, ಜಾಣತನದಿಂದ ಮಲಗಿದ್ದು ಮಲಗಿಯೇ ಇರುತ್ತದೆ. ವಿಚಿತ್ರ ಅಂದರೆ ಇದೇ.

ಯುಪಿಎಸ್ ಜೊತೆ ಮಾತಾಡುವ ನಟ್ ಎಂಬ ಮುಕ್ತ ತಂತ್ರಾಂಶ ಬರೆದವರು ಇದಕ್ಕೆ ದಾರಿ ಹುಡುಕಿದ್ದಾರೆ. ಶಟ್‌ಡೌನ್‌ನ ಕೊನೇ ಹಂತದಲ್ಲಿ ಕಂಪ್ಯೂಟರ್ ತಾನೇ ಯುಪಿಎಸ್‌ಗೆ ಹೇಳುತ್ತದೆ: ಇನ್ನು ಕೆಲವು ಸೆಕೆಂಡ್ ಬಿಟ್ಟು ನಿನ್ನ ಔಟ್‌ಪುಟ್ ಕಡಿದುಬಿಡು, ಗೋಡೆಯಲ್ಲಿ ಕರೆಂಟ್ ಇದ್ದಾಗ ಮತ್ತೆ ಕೊಡು. ನಡುವೆ ಕರೆಂಟ್ ಬಂದಿದ್ದರೂ ಯುಪಿಎಸ್ ಒಮ್ಮೆ ಕಡಿದೇ ಕೊಡಬೇಕು. ಎಲ್ಲ ಯುಪಿಎಸ್‌ಗಳೂ ಈ ಮಾತು ಕೇಳುವುದಿಲ್ಲ. ಕೊಳ್ಳುವಾಗ ಎಷ್ಟು ಹೊತ್ತು ಬ್ಯಾಕಪ್ ಅಂತ ಮಾತ್ರ ಕೇಳುತ್ತೇವೆ. ಇದನ್ನೂ ಕೇಳಬೇಕಿತ್ತು.

ಕೇಳದ ಯುಪಿಎಸ್ ಇದ್ದವರಿಗೆ ಅಡ್ಡದಾರಿ ಒಂದಿದೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಈ ಬಿಟ್, ಬಟನ್ ಯಾವುದರ ಹಂಗೂ ಇಲ್ಲ, ಕರೆಂಟ್ ಸಿಕ್ಕಿದರೆ ಬೂಟ್ ಆಗುತ್ತದೆ. ಅದನ್ನು ಯುಪಿಎಸ್‌ಗೆ ಹಾಕದೆ ನೇರ ಗೋಡೆಯ ಪ್ಲಗ್ಗಿಗೆ ಹಾಕಿ. ಕರೆಂಟ್ ಬಂದಾಗ ಅದು ಎದ್ದು, ದೊಡ್ಡ ಕಂಪ್ಯೂಟರಿಗೆ ನೆಟ್‌ವರ್ಕ್ ಮೂಲಕ 'ಮ್ಯಾಜಿಕ್ ಪ್ಯಾಕೆಟ್' ಕಳಿಸಲಿ. ಇದು 102 ಬೈಟ್‌ಗಳ ಸಂದೇಶ. ಮೊದಲು ಎಲ್ಲಾ ಬಿಟ್ಟುಗಳೂ 1 ಆಗಿರುವ 6 ಬೈಟ್, ಆಮೇಲೆ ಎಬ್ಬಿಸಬೇಕಾದ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿನ 6 ಬೈಟಿನ ವಿಳಾಸ 16 ಸಲ. ವೇಕ್ ಆನ್ ಲ್ಯಾನ್ ಸೌಲಭ್ಯ ಆನ್ ಇದ್ದರೆ ಕಾರ್ಡ್ ಅದನ್ನು ಗುರುತಿಸಿ ಯಂತ್ರವನ್ನು ಎಬ್ಬಿಸುತ್ತದೆ.

ಎದ್ದ ಮೇಲೂ ಅಡ್ಡಗಾಲುಗಳಿವೆ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ ಬೂಟ್ ವೇಳೆ ಪಾಸ್‌ವರ್ಡ್ ಕೇಳುವಂತೆ ಇಟ್ಟಿದ್ದರೆ ಅಲ್ಲೇ ನಿಲ್ಲುತ್ತದೆ. ಕೆಲವು ಹಳೇ ಬಯೋಸ್‌ಗಳು ಕೀಬೋರ್ಡ್ ಕಾಣಲಿಲ್ಲ ಎಂದು ದೂರಿ, ಎಫ್1 ಒತ್ತಿ ಎನ್ನುತ್ತವೆ. ಇಲ್ಲದ ಕೀಬೋರ್ಡಿನ ಕೀ ಒತ್ತುವುದು ಎಲ್ಲಿಂದ? ಈ ತಪಾಸಣೆಯನ್ನು ಸೆಟಪ್‌ನಲ್ಲಿ ಆಫ್ ಮಾಡಿಡಬೇಕು.

ಎಲ್ಲ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಮೊದಲು ಶಟ್‌ಡೌನ್ ಮಾಡಿ, ಆಮೇಲೆ ಪ್ಲಗ್ ಕಿತ್ತು ನೋಡಿ. ಕಿತ್ತ ಕೂಡಲೇ ವಾಪಸ್ ಹಾಕಬೇಡಿ. ಪವರ್ ಸಪ್ಲೈ ಒಳಗಿನ ಕೆಪಾಸಿಟರ್‌ಗಳು ಸ್ವಲ್ಪ ಹೊತ್ತು ಆ 5 ವೋಲ್ಟನ್ನು ಹಿಡಿದಿಟ್ಟುಕೊಂಡಿರುತ್ತವೆ. ಮದರ್‌ಬೋರ್ಡಿನ ಮೇಲೆ ಸಣ್ಣ ದೀಪ ಇದ್ದರೆ ಅದು ಆರುವ ತನಕ ಕಾಯಿರಿ, ಇಲ್ಲದಿದ್ದರೆ ಅರ್ಧ ನಿಮಿಷ ಬಿಟ್ಟು ಹಾಕಿ.