ಗೊರಕೆಯ ಸದ್ದು ನಿಂತರೆ ಸಾಕೆ?

ಪಕ್ಕದಲ್ಲಿ ಮಲಗಿದವರ ಗೊರಕೆ ನಡುರಾತ್ರಿ ತಟ್ಟನೆ ನಿಂತರೆ ಮನೆಯವರಿಗೆ ಹಾಯೆನಿಸುತ್ತದೆ. ಆ ಹೊತ್ತಿನಲ್ಲಿ ಒಮ್ಮೆ ಎದ್ದು ನೋಡಿ. ಎದೆ, ಹೊಟ್ಟೆ ಏರಿಳಿಯುತ್ತಿದ್ದರೂ ಮೂಗಿನಲ್ಲಿ ಗಾಳಿಯಾಡದೆ, ಹತ್ತಿಪ್ಪತ್ತು ಸೆಕೆಂಡಿನ ಮೇಲೆ ದೊಡ್ಡ ಏದುಸಿರಿನೊಂದಿಗೆ ಗೊರಕೆ ಮತ್ತೆ ಶುರುವಾದರೆ ಅದು ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ, ಇರಬಹುದು.

ಮೃದು ಅಂಗುಳದಿಂದ ನಾಲಿಗೆಯ ಬುಡದವರೆಗೆ ನಮ್ಮ ಉಸಿರುದಾರಿಗೆ ಮೂಳೆಯ ಗಟ್ಟಿ ಆಸರೆಯಿಲ್ಲ. ಎಚ್ಚರವಿದ್ದಾಗ ಸ್ನಾಯುಗಳು ಅದನ್ನು ತೆರೆದು ಹಿಡಿದಿರುತ್ತವೆ, ನಿದ್ದೆಯಲ್ಲಿ ಸಡಿಲವಾಗುತ್ತವೆ. ದಾರಿ ಕಿರಿದಾದರೆ ಅಂಗುಳ, ಕಿರುನಾಲಿಗೆ ಅದುರಿ ಗೊರಕೆ ಬರುತ್ತದೆ. ಪೂರ್ತಿ ಮುಚ್ಚಿಕೊಂಡರೆ ಉಸಿರು ಕಟ್ಟುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತಿದ್ದಂತೆ ಮೆದುಳು ಅರೆ ಎಚ್ಚರಗೊಂಡು ದಾರಿ ಬಿಡಿಸುತ್ತದೆ. ಹೀಗೆ ಉಸಿರು ನಿಲ್ಲುವುದು ಅಥವಾ ಕುಗ್ಗುವುದು ಗಂಟೆಗೆ 5 ಸಲಕ್ಕಿಂತ ಕಡಿಮೆಯಿದ್ದರೆ ದೊಡ್ಡವರಲ್ಲಿ ಸಹಜ. 30 ಸಲ ತಲುಪಿದರೆ ತೀವ್ರ ಕಾಯಿಲೆ. ಹಗಲಿನ ತೂಕಡಿಕೆ, ಏರುವ ರಕ್ತದೊತ್ತಡ ಇದರ ಬೆನ್ನಿಗೇ ಬರುತ್ತವೆ.

1980ರವರೆಗೂ ತೀವ್ರ ಕಾಯಿಲೆಗೆ ಇದ್ದ ನಂಬಿಕಸ್ಥ ಚಿಕಿತ್ಸೆ ಒಂದೇ: ಕುತ್ತಿಗೆಯಲ್ಲಿ ಶ್ವಾಸನಾಳಕ್ಕೆ ತೂತು ಕೊರೆಯುವುದು. ಆ ವರ್ಷ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್, ಆ ಶಸ್ತ್ರಚಿಕಿತ್ಸೆ ಬೇಡವೆಂದ ರೋಗಿಯೊಬ್ಬರ ಮೂಗಿಗೆ ಕೊಳವೆ ಜೋಡಿಸಿ ರಾತ್ರಿಯಿಡೀ ಗಾಳಿಯ ಒತ್ತಡ ಕೊಟ್ಟು ನೋಡಿದರು. ಗಾಳಿಯೇ ಆಸರೆಯಾಗಿ ಗಂಟಲು ತೆರೆದೇ ಉಳಿಯಿತು. ಇಂದಿನ ಸಿಪ್ಯಾಪ್ ಯಂತ್ರದ ಹುಟ್ಟು ಅದು. 1981ರಲ್ಲಿ ಅವರ ವರದಿ ಪ್ರಕಟವಾಯಿತು. ಅದೇ ವರ್ಷ ಅಮೆರಿಕದ ಡೆಟ್ರಾಯಿಟ್‌ನಿಂದ ವೈದ್ಯ ಫುಜಿತಾ ಮತ್ತು ಸಂಗಡಿಗರು ಇನ್ನೊಂದು ದಾರಿ ತೋರಿಸಿದರು: ಟಾನ್ಸಿಲ್, ಕಿರುನಾಲಿಗೆ, ಅಂಗುಳದ ಅಂಚನ್ನು ಕತ್ತರಿಸಿ ಗಂಟಲನ್ನು ಅಗಲಗೊಳಿಸುವುದು.

ಈ ಶಸ್ತ್ರಚಿಕಿತ್ಸೆ ಬಹಳ ಜನಪ್ರಿಯವಾಯಿತು. ತೊಡಕು ಎಲ್ಲಿದೆಯೆಂದರೆ, ಅದುರುವ ಭಾಗವನ್ನು ಕತ್ತರಿಸಿದರೆ ಸದ್ದು ತಗ್ಗುತ್ತದೆ, ಆದರೆ ಹಿಂದಕ್ಕೆ ಜಾರುವ ನಾಲಿಗೆ ಹಾಗೆಯೇ ಇರುತ್ತದೆ. ಸದ್ದಿಲ್ಲದೆ ಉಸಿರು ಕಟ್ಟುವ ಈ ಸ್ಥಿತಿ ನನಗೆ ಗೊರಕೆಗಿಂತ ಹೆಚ್ಚು ಭಯ ಹುಟ್ಟಿಸುತ್ತದೆ. ಎಚ್ಚರಿಸುವ ಗುರುತೇ ಇರುವುದಿಲ್ಲವಲ್ಲ. ಆರಿಸದೆ ಎಲ್ಲರಿಗೂ ಮಾಡಿದಾಗ ಸುಮಾರು 40% ರೋಗಿಗಳಿಗಷ್ಟೇ ಸರಿಯಾದ ಲಾಭವಾಗಿತ್ತೆಂದು 1996ರ ಒಂದು ಸಮೀಕ್ಷೆ ಲೆಕ್ಕ ಹಾಕಿತು. ಅದಕ್ಕೇ ಈಗ ಔಷಧಿಯಿಂದ ನಿದ್ದೆ ಬರಿಸಿ, ಮೂಗಿನ ಮೂಲಕ ಸಣ್ಣ ಕ್ಯಾಮೆರಾ ಇಳಿಸಿ, ಗಂಟಲು ಎಲ್ಲಿ ಮುಚ್ಚುತ್ತದೆಂದು ಮೊದಲು ನೋಡುತ್ತಾರೆ.

ಮಕ್ಕಳ ವಿಷಯ ಬೇರೆ. ಅವರಲ್ಲಿ ಸಾಮಾನ್ಯವಾಗಿ ದಾರಿ ಕಟ್ಟುವುದು ಊದಿಕೊಂಡ ಟಾನ್ಸಿಲ್ ಮತ್ತು ಮೂಗಿನ ಹಿಂಬದಿಯ ಅಂಥದೇ ಗಡ್ಡೆಯಾದ ಅಡಿನಾಯ್ಡ್. 2013ರಲ್ಲಿ ಅಮೆರಿಕದಲ್ಲಿ ಅಪ್ನಿಯಾ ಇದ್ದ 5ರಿಂದ 9 ವರ್ಷದ 464 ಮಕ್ಕಳ ಅಧ್ಯಯನ ಪ್ರಕಟವಾಯಿತು. ಟಾನ್ಸಿಲ್, ಅಡಿನಾಯ್ಡ್ ತೆಗೆಸಿಕೊಂಡವರಲ್ಲಿ 79% ಮಕ್ಕಳ ನಿದ್ದೆಯ ಉಸಿರಾಟ ಏಳು ತಿಂಗಳಲ್ಲಿ ಸಹಜವಾಗಿತ್ತು. ಕಾದು ನೋಡಿದವರಲ್ಲೂ 46% ಮಕ್ಕಳು ಸುಧಾರಿಸಿದ್ದರು. ಮಗು ಬಾಯಿ ತೆರೆದು ಮಲಗಿ ದಿನವೂ ಗೊರಕೆ ಹೊಡೆಯುತ್ತಿದ್ದರೆ ‘ಗಾಢ ನಿದ್ದೆ’ ಎಂದು ಸುಮ್ಮನಾಗಬೇಡಿ, ಇಎನ್‌ಟಿ ವೈದ್ಯರಿಗೆ ತೋರಿಸಿ.

ದೊಡ್ಡವರಿಗೆ ಸಿಪ್ಯಾಪ್ ಇಂದಿಗೂ ಮೊದಲ ಆಯ್ಕೆ. ಮಾಸ್ಕ್ ಸರಿಹೊಂದದೆ ಬಿಟ್ಟುಬಿಡುವವರು ಬಹಳ. ಕಾಯಿಲೆ ಅಷ್ಟು ತೀವ್ರವಿಲ್ಲದಿದ್ದರೆ ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಹಲ್ಲಿನ ಸಾಧನ ಕೆಲಸಕ್ಕೆ ಬರುತ್ತದೆ. ಅಂಗಾತ ಮಲಗಿದಾಗ ಮಾತ್ರ ತೊಂದರೆಯಾಗುವವರಿಗೆ ಮಗ್ಗುಲಾಗಿ ಮಲಗುವುದೇ ಅರ್ಧ ಔಷಧಿ. ಎರಡೂ ದವಡೆಗಳನ್ನು ಮುಂದಕ್ಕೆ ಕೂರಿಸುವ ದೊಡ್ಡ ಶಸ್ತ್ರಚಿಕಿತ್ಸೆಯಿದೆ. ಫಲಿತಾಂಶ ಚೆನ್ನಾಗಿದ್ದರೂ ಚೇತರಿಕೆಗೆ ವಾರಗಳು ಬೇಕು. ಎದೆಯ ಚರ್ಮದಡಿ ಇಟ್ಟ ಪುಟ್ಟ ಯಂತ್ರದಿಂದ ನಾಲಿಗೆಯ ನರವನ್ನು ಪ್ರಚೋದಿಸಿ ನಾಲಿಗೆಯನ್ನು ಮುಂದೆ ತರುವ ವಿಧಾನಕ್ಕೆ 2014ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಬೊಜ್ಜಿನ ಜೊತೆ ಮಧ್ಯಮ ಅಥವಾ ತೀವ್ರ ಅಪ್ನಿಯಾ ಇರುವವರಿಗೆ, ತೂಕ ಇಳಿಸುವ ಟಿರ್ಜೆಪಟೈಡ್ ಚುಚ್ಚುಮದ್ದಿಗೆ 2024ರ ಡಿಸೆಂಬರ್‌ನಲ್ಲಿ ಅಲ್ಲೇ ಅನುಮತಿ ಸಿಕ್ಕಿತು.

ಯಾವುದೇ ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು ನಿದ್ದೆಯಲ್ಲಿ ಉಸಿರು ಎಷ್ಟು ಸಲ ನಿಲ್ಲುತ್ತದೆಂದು ಎಣಿಸುವ ರಾತ್ರಿಯ ನಿದ್ದೆ ಪರೀಕ್ಷೆ ಆಗಿರಲಿ. ಗಂಟಲಿನ ಗಾಯ ಪೂರ್ತಿ ಮಾಯ್ದ ಕೆಲವು ತಿಂಗಳ ನಂತರ, ಗೊರಕೆ ಒಂದಿಷ್ಟೂ ಕೇಳದಿದ್ದರೂ, ಅದೇ ಪರೀಕ್ಷೆಯನ್ನು ಮತ್ತೆ ಮಾಡಿಸಿ.